ನೂತನ ಗೃಹನಿರ್ಮಾಣ: ಮೂಡಣ ಸಾಲಿನ ವಿಚಾರ

ಗೃಹಸ್ಥಾಶ್ರಮವು ಉಳಿದ ಮೂರು ಆಶ್ರಮಗಳಿಗೂ ಆಧಾರಭೂತವಾದುದೆಂಬುದು ಸರ್ವವಿದಿತವಾದ ವಿಷಯ. ಬ್ರಹ್ಮಚಾರಿಗೆ ಭಿಕ್ಷೆ, ಯತಿಗಳಿಗೆ ಪಾದಪೂಜೆ, ಅತಿಥಿಗೆ ಅನ್ನ, ಪಿತೃಗಳಿಗೆ ಶ್ರಾದ್ಧ, ಇವೆಲ್ಲಕ್ಕೂ ಸ್ಥಾನ ಒಂದೇ. ಅದು ಗೃಹಸ್ಥನ ಮನೆ. ಆದುದರಿಂದ ಮನೆಯನ್ನು ಕಟ್ಟುವುದೆಂದರೆ ನಾಲ್ಕು ಗೋಡೆಗಳನ್ನು ಎಬ್ಬಿಸಿ ಮೇಲೆ ತಾರಸಿ ಹಾಕುವುದು ಮಾತ್ರವಲ್ಲ. ಅದರೊಳಗೆ ಮುಂದೆ ಎರಡು ಮೂರು ತಲೆಮಾರುಗಳ ಕಾಲ ನಡೆಯಬೇಕಾದ ನಿತ್ಯ ನೈಮಿತ್ತಿಕ ಕರ್ಮಗಳಿಗೆ ಅನುಕೂಲವಾಗುವಂತೆಯೋ ಅಡ್ಡಿಯಾಗುವಂತೆಯೋ ನಾವು ಅಂದೇ ನಿರ್ಣಯಿಸಿಬಿಡುತ್ತೇವೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ನಮ್ಮ ಮನೆತನಗಳಲ್ಲಿ ಈಚೆಗೆ ಗೃಹನಿರ್ಮಾಣದ ಮಾತು ಹೆಚ್ಚಾಗಿ ಕೇಳಿಬರುತ್ತಿದೆ. ಹಿರಿಯರ ಕಾಲದ ತೊಟ್ಟಿ ಮನೆಗಳು ಜೀರ್ಣವಾಗಿವೆ. ಕೆಲವು ಅಣ್ಣತಮ್ಮಂದಿರಲ್ಲಿ ಪಾಲಾಗಿವೆ. ಮೈಸೂರು ಬೆಂಗಳೂರುಗಳಲ್ಲಿ ನೌಕರಿ ಮಾಡಿ ನಿವೃತ್ತರಾದವರು ಹುಟ್ಟೂರಿನಲ್ಲಿ ನೆಲೆಸಬೇಕೆಂದು ಬಯಸಿ, ಊರ ಹೊರಗಿನ ಬಡಾವಣೆಗಳಲ್ಲಿ 30 ಅಡಿ ಅಗಲ, 40 ಅಡಿ ಉದ್ದದ ನಿವೇಶನಗಳನ್ನು ಕೊಳ್ಳುತ್ತಿದ್ದಾರೆ. ಹಳೆಯ ಮನೆಯಂಥ ಮನೆಯನ್ನು ಅಷ್ಟು ಚಿಕ್ಕ ಜಾಗದಲ್ಲಿ ಕಟ್ಟಲಾಗದು. ನಗರದ ಮನೆಯನ್ನು ಹಾಗೆಯೇ ತಂದಿಟ್ಟರೆ ಅದರಲ್ಲಿ ನಮ್ಮ ಆಚಾರ ನಡೆಯದು. ಈ ಸಂಕಟಕ್ಕೆ ಪರಿಹಾರವೇನೆಂಬುದನ್ನು ಯಥಾಮತಿ ವಿಚಾರ ಮಾಡೋಣ.

ನಮ್ಮ ಸೀಮೆಯಲ್ಲಿಯೇ ಇದಕ್ಕೊಂದು ದೃಷ್ಟಾಂತವಿದೆ. 1911ರಲ್ಲಿ ಕಾವೇರಿಗೆ ಅಡ್ಡಲಾಗಿ ಕೃಷ್ಣರಾಜಸಾಗರದ ಕಟ್ಟೆಯ ಕೆಲಸ ಆರಂಭವಾಯಿತು. ಕಟ್ಟೆಯಲ್ಲಿ ನೀರು ನಿಂತಾಗ ಹಳೆಯ ಕನ್ನಂಬಾಡಿ ಗ್ರಾಮವೂ ಅಲ್ಲಿಯ ವೇಣುಗೋಪಾಲಸ್ವಾಮಿ ದೇವಾಲಯವೂ ಮುಳುಗಿದವು. ಜನರು ಎತ್ತರದ ನೆಲಕ್ಕೆ ಹೋಗಿ ಹೊಸ ಮನೆಗಳನ್ನು ಕಟ್ಟಿಕೊಂಡರು. ದೇವಾಲಯವು ಮಾತ್ರ ಹಲವು ದಶಕಗಳ ಕಾಲ ನೀರಿನಲ್ಲಿಯೇ ಇದ್ದು, ಬರಗಾಲದಲ್ಲಿ ನೀರಿಳಿದಾಗ ಕಣ್ಣಿಗೆ ಬೀಳುತ್ತಿತ್ತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಆ ಕಲ್ಲುಗಳನ್ನು ಬಿಡಿಸಿ ತಂದು, ಹೊಸ ಕನ್ನಂಬಾಡಿಯ ದಂಡೆಯ ಮೇಲೆ ಮೊದಲಿದ್ದ ಕ್ರಮದಲ್ಲಿಯೇ ಜೋಡಿಸಿ ದೇವಾಲಯವನ್ನು ಮತ್ತೆ ನಿಲ್ಲಿಸಿದರು. ಯಾವ ಕಲ್ಲಿನ ಪಕ್ಕದಲ್ಲಿ ಯಾವ ಕಲ್ಲು ಇತ್ತೆಂಬ ಕ್ರಮವು ತಿಳಿದಿದ್ದುದರಿಂದಲೇ ಕಲ್ಲಿನ ರಾಶಿ ದೇವಾಲಯವಾಯಿತು. ನಮ್ಮ ಮನೆಗಳ ವಿಷಯದಲ್ಲಿ ಇದಕ್ಕೆ ವಿಪರೀತವಾದುದು ನಡೆಯುತ್ತಿದೆ. ಹಳೆಯ ಮನೆಯ ಕೆತ್ತನೆಯ ಬಾಗಿಲು, ತೇಗದ ಕಂಬಗಳನ್ನು ಜೋಪಾನವಾಗಿ ತಂದು ಹೊಸ ಮನೆಯ ಮುಂಭಾಗದಲ್ಲಿ ನಿಲ್ಲಿಸುತ್ತೇವೆ. ಆದರೆ ಯಾವ ಕೋಣೆಯ ಪಕ್ಕದಲ್ಲಿ ಯಾವ ಕೋಣೆ ಇತ್ತು, ಏಕೆ ಇತ್ತು ಎಂಬುದನ್ನು ಹಳೆಯ ಮನೆಯಲ್ಲಿಯೇ ಬಿಟ್ಟು ಬರುತ್ತೇವೆ. ಉಳಿಸಿಕೊಳ್ಳಬೇಕಾದುದು ಆ ಕ್ರಮ.

ಹಳೆಯ ಮನೆಯ ಕ್ರಮ

ತೊಟ್ಟಿ ಮನೆಯನ್ನು ಕಂಡವರಿಗೆ ಅದರ ರಚನೆ ನೆನಪಿರುತ್ತದೆ. ಬೀದಿಗೆ ಹೊರಜಗುಲಿ, ಬಾಗಿಲು ದಾಟಿದರೆ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ಕಂಬಗಳ ಕೈಸಾಲೆ, ಒಳಗೆ ನಡುಮನೆ, ದೇವರ ಮನೆ, ಅಡಿಗೆಮನೆ, ಕೊನೆಗೆ ಬಚ್ಚಲು, ಹಿತ್ತಲು, ಬಾವಿ, ತುಳಸೀಕಟ್ಟೆ. ಬೀದಿಯಿಂದ ಒಳಗೆ ಹೋದಂತೆಲ್ಲ ಮಡಿ ಹೆಚ್ಚುತ್ತಿತ್ತು. ಅಪರಿಚಿತನಿಗೆ ಜಗುಲಿ, ಪರಿಚಿತನಿಗೆ ಪಡಸಾಲೆ, ಬಂಧುವಿಗೆ ನಡುಮನೆ, ಮಡಿಯುಟ್ಟವರಿಗೆ ಮಾತ್ರ ಅದರಾಚೆ. ಯಾರನ್ನೂ ನಿಲ್ಲಿಸಿ ಇಲ್ಲಿಗೆ ಬರಬೇಡಿ ಎಂದು ಹೇಳಬೇಕಾಗಿರಲಿಲ್ಲ; ಮನೆಯೇ ಅದನ್ನು ಹೇಳುತ್ತಿತ್ತು.

ತೊಟ್ಟಿಯು ಅಲಂಕಾರಕ್ಕಾಗಿ ಮಾಡಿದ್ದಲ್ಲ. ಮನೆಯ ನಡುವಿಗೆ ಬೆಳಕನ್ನು ತರುವುದು, ಬಿಸಿಗಾಳಿಯನ್ನು ಮೇಲಕ್ಕೆ ಬಿಡುವುದು, ಮಾಡಿನ ಮಳೆನೀರನ್ನು ಒಂದೆಡೆ ಕೂಡಿಸುವುದು, ಈ ಮೂರು ಕೆಲಸಗಳನ್ನು ಅದು ಮಾಡುತ್ತಿತ್ತು. ವಾಸ್ತುಶಾಸ್ತ್ರವು 81 ಅಥವಾ 64 ಪದಗಳ ಮಂಡಲವನ್ನು ಬರೆದು, ನಡುವಿನ ಪದಗಳನ್ನು ಬ್ರಹ್ಮಸ್ಥಾನವೆಂದು ಬರಿದಾಗಿ ಬಿಡಬೇಕೆಂದು ವಿಧಿಸುತ್ತದೆ. ಆ ವಿಧಿಯೂ ಈ ಉಪಯೋಗವೂ ತೊಟ್ಟಿಯಲ್ಲಿ ಒಂದಾಗಿದ್ದವು.

ಮೂಡಣ ಸಾಲು

ಕೋಣೆಗಳ ದಿಕ್ಕಿನ ವಿಷಯದಲ್ಲಿ ಪರಂಪರೆಯಿಂದ ಬಂದ ಕ್ರಮವನ್ನು ನಮ್ಮ ಹಿರಿಯರು ಬಾಯಿಪಾಠವಾಗಿ ಹೇಳುತ್ತಿದ್ದರು. ಪೂರ್ವಕ್ಕೆ ಸ್ನಾನಗೃಹ, ಆಗ್ನೇಯಕ್ಕೆ ಪಾಕಶಾಲೆ, ಈಶಾನ್ಯಕ್ಕೆ ದೇವತಾಗೃಹ, ಪಶ್ಚಿಮಕ್ಕೆ ಭೋಜನಶಾಲೆ, ದಕ್ಷಿಣಕ್ಕೆ ಶಯನಗೃಹ. ಇದನ್ನು ಒಂದೊಂದು ದಿಕ್ಕಿಗೂ ಬೇರೆ ಬೇರೆಯಾದ ಕಟ್ಟಳೆಯೆಂದು ನಾವು ಎಣಿಸುತ್ತೇವೆ. ಈಶಾನ್ಯ ಸರಿಯಾಯಿತೇ, ಆಗ್ನೇಯ ಸರಿಯಾಯಿತೇ ಎಂದು ಒಂದೊಂದಾಗಿ ಗುರುತು ಹಾಕುತ್ತೇವೆ. ಆದರೆ ಮೊದಲ ಮೂರನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೊಂದು ಅರ್ಥ ಹೊಳೆಯುತ್ತದೆ. ಪೂರ್ವದ ನಡುವೆ ಸ್ನಾನ, ಅದರ ಒಂದು ಪಕ್ಕಕ್ಕೆ ದೇವರು, ಇನ್ನೊಂದು ಪಕ್ಕಕ್ಕೆ ಒಲೆ. ಪ್ರಾತಃಕಾಲದ ಮೊದಲ ಯಾಮದಲ್ಲಿ ನಡೆಯುವ ಮೂರು ಕಾರ್ಯಗಳೂ ಒಂದೇ ಗೋಡೆಯ ಉದ್ದಕ್ಕೆ, ಸೂರ್ಯನ ಮೊದಲ ಬೆಳಕು ಬೀಳುವ ಕಡೆಗೆ, ಸಾಲಾಗಿ ಬಂದಿವೆ. ಮಿಂದು ಬಂದವರು ಎಡಕ್ಕೆ ತಿರುಗಿದರೆ ಅಡಿಗೆಮನೆ, ಬಲಕ್ಕೆ ತಿರುಗಿದರೆ ದೇವರ ಮನೆ. ಹೊತ್ತೇರಿದ ಮೇಲೆ ನಡೆಯುವ ಭೋಜನವು ಅದರ ಎದುರಿಗೆ, ಪಶ್ಚಿಮದಲ್ಲಿ. ಇದು ದಿಕ್ಕುಗಳ ಪಟ್ಟಿ ಮಾತ್ರವಲ್ಲ. ಗೃಹಸ್ಥನ ದಿನಚರಿಯೇ ನೆಲದ ಮೇಲೆ ಬರೆದ ನಕ್ಷೆ.

ಈ ಸೀಮೆಯ ಬಿಸಿಲು ಗಾಳಿಗಳಿಗೂ ಇದು ಹೊಂದುತ್ತದೆ. ನಾಲ್ಕು ತಾಲ್ಲೂಕುಗಳೂ 12ರಿಂದ 13 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇವೆ. ಏಪ್ರಿಲ್ ಕಡೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯನು ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲಿ ನೆತ್ತಿಯಿಂದ ಸುಮಾರು 36 ಡಿಗ್ರಿಯಷ್ಟು ದಕ್ಷಿಣಕ್ಕೆ ವಾಲಿರುತ್ತಾನೆ. ಬೇಸಗೆಯಲ್ಲಿ ಹೆಚ್ಚು ಕಾಯುವುದು ಸಂಜೆಯ ಬಿಸಿಲು ಬೀಳುವ ಪಶ್ಚಿಮದ ಗೋಡೆ. ಇಡೀ ಬೆಳಗು ಒಲೆಯ ಮುಂದೆ ನಿಲ್ಲುವವರಿಗೆ ಆ ಗೋಡೆಯ ಕಾವು ಸೇರದಂತೆ ಅಡಿಗೆಮನೆಯನ್ನು ಪೂರ್ವಕ್ಕೆ ಇಟ್ಟದ್ದು ಕರುಣೆಯ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮ ನೈಋತ್ಯಗಳಿಂದ ಬೀಸುತ್ತದೆ. ಆಗ್ನೇಯದ ಒಲೆಯ ಹೊಗೆ ಆ ಗಾಳಿಗೆ ಮನೆಯೊಳಕ್ಕೆ ನುಗ್ಗದೆ ಹೊರಕ್ಕೆ ಹೋಗುತ್ತದೆ. ಸೌದೆ ಹೋಗಿ ಗ್ಯಾಸ್ ಬಂದಿರಬಹುದು. ಒಗ್ಗರಣೆಯ ಘಾಟು ಹೋಗಿಲ್ಲವಷ್ಟೆ.

ಪೂರ್ವವೆಂದರೆ ರಸ್ತೆಯವರು ಹೇಳುವ ಪೂರ್ವವಲ್ಲ. ಬಡಾವಣೆಗಳ ರಸ್ತೆಗಳು ಅನೇಕ ವೇಳೆ ಓರೆಯಾಗಿರುತ್ತವೆ. ದಿಕ್ಕನ್ನು ತಿಳಿಯಲು ಪ್ರಾಚೀನರು ಹೇಳಿದ ಶಂಕುವಿನ ವಿಧಾನವು ಇಂದಿಗೂ ಸುಲಭ. ಸಮತಟ್ಟಾದ ನೆಲದಲ್ಲಿ ಒಂದು ನೆಟ್ಟಗಿನ ಗೂಟವನ್ನು ಲಂಬವಾಗಿ ನಿಲ್ಲಿಸಿ, ಅದರ ಎತ್ತರದಷ್ಟೇ ತ್ರಿಜ್ಯದ ವೃತ್ತವನ್ನು ಅದರ ಸುತ್ತ ಎಳೆಯಬೇಕು. ಬೆಳಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿ ಒಳಕ್ಕೆ ಬರುವ ಸ್ಥಳವನ್ನೂ, ಮಧ್ಯಾಹ್ನದ ಮೇಲೆ ವೃತ್ತವನ್ನು ಮುಟ್ಟಿ ಹೊರಕ್ಕೆ ಹೋಗುವ ಸ್ಥಳವನ್ನೂ ಗುರುತಿಸಬೇಕು. ಮೊದಲನೆಯದು ಪಶ್ಚಿಮ, ಎರಡನೆಯದು ಪೂರ್ವ. ಇವೆರಡನ್ನೂ ಸೇರಿಸುವ ಗೆರೆಯೇ ಪೂರ್ವಪಶ್ಚಿಮ ರೇಖೆ. ಮನೆಯ ಮಕ್ಕಳಿಂದಲೇ ಈ ಕೆಲಸವನ್ನು ಮಾಡಿಸಿದರೆ ಅವರಿಗೂ ಒಂದು ಪಾಠವಾಗುತ್ತದೆ.

ಮಡಿಯ ನಡಿಗೆ

ಕ್ರಮ ಕೆಟ್ಟರೆ ಆಗುವ ನಷ್ಟವನ್ನು ಹೆಜ್ಜೆಗಳಲ್ಲಿ ಲೆಕ್ಕ ಹಾಕಬಹುದು. ನೀರಿನ ಸ್ಥಳದಿಂದ ಅಡಿಗೆಮನೆಗೆ, ಅಲ್ಲಿಂದ ದೇವರ ಮನೆಗೆ ದಿನಕ್ಕೆ 20 ಸಲವಾದರೂ ಓಡಾಟವಿದೆಯೆಂದು ಭಾವಿಸೋಣ. ಕೋಣೆಗಳನ್ನು ದೂರ ದೂರ ಇಟ್ಟುದರಿಂದ ಒಂದೊಂದು ಸಲಕ್ಕೆ ಹೋಗಿಬರಲು 50 ಅಡಿ ಹೆಚ್ಚಾಯಿತೆಂದರೆ ದಿನಕ್ಕೆ 1,000 ಅಡಿ. ವರ್ಷಕ್ಕೆ ಸುಮಾರು 111 ಕಿಲೋಮೀಟರ್. ಶ್ರೀರಂಗಪಟ್ಟಣದಿಂದ ಹೊರಟವರು ಬೆಂಗಳೂರಿನ ಸಮೀಪಕ್ಕೆ ಬರುವಷ್ಟು ದೂರ. ಅದನ್ನು ಒದ್ದೆ ಸೀರೆಯಲ್ಲಿ, ಕೈಯಲ್ಲಿ ತಂಬಿಗೆಯನ್ನೋ ನೈವೇದ್ಯದ ಪಾತ್ರೆಯನ್ನೋ ಹಿಡಿದು, ಯಾರನ್ನೂ ಮುಟ್ಟದಂತೆ ಜಾಗರೂಕರಾಗಿ ನಡೆಯುವವರು ನಮ್ಮ ಮನೆಯ ಹೆಂಗಸರು. ಅಂಥ ಮನೆಯಲ್ಲಿ ಕೆಲವು ವರ್ಷಗಳ ಮೇಲೆ ಮಡಿ ಸಡಿಲವಾಯಿತೆಂದರೆ ತಪ್ಪು ನಡೆದವರದೋ, ನಕ್ಷೆ ಬರೆದವರದೋ ವಿಚಾರಿಸಬೇಕು.

ದ್ವಾದಶಿಯ ಬೆಳಗನ್ನು ನೆನೆಯಿರಿ. ತಿಥಿಯು ಬೇಗನೆ ಮುಗಿಯುವ ದಿನಗಳಲ್ಲಿ ಸೂರ್ಯೋದಯಕ್ಕೆ ಮುಂಚೆಯೇ ಅಡಿಗೆ, ಪೂಜೆ, ನೈವೇದ್ಯಗಳಾಗಿ ಪಾರಣೆಗೆ ಎಲೆ ಹಾಕಬೇಕು. ಹಿಂದಿನ ದಿನದ ಉಪವಾಸದಿಂದ ಬಳಲಿದವರು ಕತ್ತಲೆಯಲ್ಲಿ ಎದ್ದು ಕೆಲಸ ಮಾಡುವ ಹೊತ್ತು ಅದು. ಪಾತ್ರೆಯ ಸದ್ದಿಗೆ ಮಲಗಿರುವ ಮಗುವೋ ರೋಗಿಯೋ ಏಳಬಾರದು. ದೀಪ ಹಾಕಿದರೆ ಅವರ ಕಣ್ಣಿಗೆ ಕುಕ್ಕಬಾರದು. ಮೂಡಣ ಸಾಲು ಒಂದು ಕಡೆಗೂ ಮಲಗುವ ಕೋಣೆಗಳು ಪಡುವಣ ಕಡೆಗೂ ಇದ್ದು ನಡುವೆ ನಡುಮನೆ ಇದ್ದರೆ ಈ ಎರಡೂ ತಾನಾಗಿಯೇ ಸಾಧಿಸುತ್ತವೆ.

ವೃದ್ಧರು ಮತ್ತು ದೇವರ ಮನೆ

ಈಚಿನ ಮನೆಗಳಲ್ಲಿ ಕಾಣುವ ಒಂದು ಪದ್ಧತಿಯ ಬಗ್ಗೆ ಸ್ಪಷ್ಟವಾಗಿ ಹೇಳಬೇಕಾಗಿದೆ. ಕೆಳಗೆ ಕಾರಿಗೂ ಬಾಡಿಗೆದಾರರಿಗೂ ಜಾಗ ಬಿಟ್ಟು, ದೇವರ ಮನೆಯನ್ನು ಮೇಲಂತಸ್ತಿಗೆ ಏರಿಸುತ್ತಾರೆ. ದೇವರ ತಲೆಯ ಮೇಲೆ ಯಾರೂ ಓಡಾಡಬಾರದೆಂಬ ಭಕ್ತಿಯಿಂದಲೇ ಹೀಗೆ ಮಾಡುವುದುಂಟು. ಭಕ್ತಿ ಸರಿ, ಫಲ ಬೇರೆ. ಆ ಮನೆಯ ಹಿರಿಯರು ಎಪ್ಪತ್ತೈದನ್ನು ದಾಟಿ ಮಂಡಿನೋವಿನಿಂದ ಮೆಟ್ಟಿಲು ಹತ್ತಲಾರದಾಗುತ್ತಾರೆ. ಐವತ್ತು ವರ್ಷ ತಾವೇ ಅಭಿಷೇಕ ಮಾಡಿದ ಸಾಲಿಗ್ರಾಮಗಳನ್ನು ಅವರು ಅನಂತರ ನೋಡುವುದು ಹಬ್ಬದ ದಿನ ಯಾರಾದರೂ ಕೈಹಿಡಿದು ಮೇಲಕ್ಕೆ ಕರೆದೊಯ್ದರೆ ಮಾತ್ರ. ಉಳಿದ ದಿನಗಳಲ್ಲಿ ಗಂಟೆಯ ಸದ್ದು ಕೇಳಿ ಕೆಳಗಿನಿಂದಲೇ ಕೈ ಮುಗಿಯುತ್ತಾರೆ. ಲಕ್ಷಾಂತರ ರೂಪಾಯಿಗಳನ್ನು ವ್ಯಯಿಸಿ ಕಟ್ಟಿದ ಮನೆಯು ಮನೆಯ ಹಿರಿಯರನ್ನು ದೇವರಿಂದ ದೂರ ಮಾಡಿದರೆ ಅದರ ವಾಸ್ತು ಎಷ್ಟೇ ಶುದ್ಧವಾಗಿದ್ದರೂ ಪ್ರಯೋಜನವೇನು?

ಆದುದರಿಂದ ದೇವರ ಮನೆ, ಅಡಿಗೆಮನೆ, ಸ್ನಾನದ ಮನೆ, ಹಿರಿಯರ ಕೋಣೆ ಈ ನಾಲ್ಕೂ ನೆಲಮಟ್ಟದಲ್ಲಿಯೇ ಇರತಕ್ಕದ್ದು. ದೇವರ ಮೇಲೆ ನಡೆದಾಡುವ ದೋಷವನ್ನು ತಪ್ಪಿಸಲು ಮೂಡಣ ಸಾಲಿನ ಮೇಲೆ ಮಾತ್ರ ಮಹಡಿ ಕಟ್ಟದೆ, ಹತ್ತುವ ದಾರಿಯನ್ನೂ ಇಡದೆ ಬಿಟ್ಟರಾಯಿತು. ಮಹಡಿಯ ಉಳಿದ ಭಾಗದಲ್ಲಿ ಹಪ್ಪಳ ಸಂಡಿಗೆ ಒಣಗಿಸಲು ಸ್ಥಳ ಬಿಟ್ಟುಕೊಳ್ಳಬಹುದು.

30ಕ್ಕೆ 40ರ ಒಂದು ನಕ್ಷೆ

ಮಾತಿನಲ್ಲಿ ಹೇಳಿದ್ದನ್ನು ಅಳತೆಯಲ್ಲಿ ತೋರಿಸೋಣ. ಪಶ್ಚಿಮಕ್ಕೆ ರಸ್ತೆಯಿರುವ 30ಕ್ಕೆ 40ರ ನಿವೇಶನವನ್ನು ತೆಗೆದುಕೊಂಡಿದ್ದೇವೆ. ಮುಂದೆ 4 ಅಡಿ, ಹಿಂದೆ 6 ಅಡಿ, ಎರಡು ಪಕ್ಕಗಳಲ್ಲಿ ಮೂರು ಮೂರು ಅಡಿ ಬಿಟ್ಟರೆ ಕಟ್ಟಡಕ್ಕೆ ಉಳಿಯುವುದು ಉತ್ತರದಕ್ಷಿಣವಾಗಿ 24 ಅಡಿ, ಪೂರ್ವಪಶ್ಚಿಮವಾಗಿ 30 ಅಡಿ. ಎಷ್ಟು ಬಿಡಬೇಕೆಂಬುದನ್ನು ಪುರಸಭೆಯಲ್ಲಿಯೋ ಗ್ರಾಮ ಪಂಚಾಯಿತಿಯಲ್ಲಿಯೋ ವಿಚಾರಿಸಿಯೇ ಗೊತ್ತುಮಾಡಬೇಕು. ಗೋಡೆಗಳ ದಪ್ಪವೂ ಈ ಅಳತೆಗಳಲ್ಲಿಯೇ ಸೇರಿದೆ.

ಮೊದಲು, ಪೂರ್ವದ ಕೊನೆಯಲ್ಲಿ 8 ಅಡಿ ಆಳದ ಮೂಡಣ ಸಾಲು. ಆಗ್ನೇಯಕ್ಕೆ 10 ಅಡಿಯ ಅಡಿಗೆಮನೆ, ನಡುವೆ 6 ಅಡಿಯ ಸ್ನಾನದ ಮನೆ, ಈಶಾನ್ಯಕ್ಕೆ 8 ಅಡಿಯ ದೇವರ ಮನೆ. ಸ್ನಾನದ ಮನೆಯು ಸ್ನಾನಕ್ಕೆ ಮಾತ್ರ. ಶೌಚಕ್ಕೆ ಸ್ಥಳ ಬೇರೆ. ಅದರಿಂದಲೇ ಹಿತ್ತಲಿಗೆ ಬಾಗಿಲು. ಹಿತ್ತಲ 6 ಅಡಿಯಲ್ಲಿ ಈಶಾನ್ಯಕ್ಕೆ ನೀರಿನ ತೊಟ್ಟಿ, ಅದರ ಸಮೀಪದಲ್ಲಿ ತುಳಸೀಬೃಂದಾವನ. ಸ್ನಾನದ ಮನೆಯ ಸೂರಿನ ಕೆಳಗೆ ಮಡಿಬಟ್ಟೆ ಹರವಲು ಒಂದು ಗಳ.

ಎರಡನೆಯದಾಗಿ, ಈ ಮೂರು ಕೋಣೆಗಳ ಮುಂದೆ ಉದ್ದಕ್ಕೂ 3 ಅಡಿಯ ಮಡಿ ಓಣಿ. ನಡುಮನೆಗೂ ಇದಕ್ಕೂ ನಡುವೆ ಗೋಡೆ ಬೇಡ, ಎಡವಿ ಬೀಳುವ ಹೊಸ್ತಿಲೂ ಬೇಡ. ನೆಲದಲ್ಲಿ ಕಡಪ ಕಲ್ಲಿನ ಒಂದು ಕಪ್ಪು ಪಟ್ಟಿಯನ್ನು ಹಾಸಿದರೆ ಮನೆಯ ಮಕ್ಕಳೂ ಬಂದ ನೆಂಟರೂ ಗುರುತು ತಿಳಿಯುತ್ತಾರೆ.

ಮೂರನೆಯದಾಗಿ, 24 ಅಡಿ ಉದ್ದ, 9 ಅಡಿ ಅಗಲದ ನಡುಮನೆ. ಊಟಕ್ಕೆ ಕುಳಿತವರಿಗೂ ಎಲೆಗೂ ಕೂಡಿ 3 ಅಡಿ ಬೇಕು. ಎದುರುಬದುರಾಗಿ ಎರಡು ಪಂಕ್ತಿಗಳಿಗೆ 6 ಅಡಿ. ನಡುವೆ ಬಡಿಸುವವರಿಗೆ 3 ಅಡಿ. ಒಟ್ಟು 9 ಅಡಿ ಸರಿಯಾಯಿತು. ಒಂದು ಎಲೆಗೆ 2 ಅಡಿಯಂತೆ, ಬಾಗಿಲುಗಳ ಜಾಗ ಕಳೆದರೂ ಒಂದು ಪಂಕ್ತಿಗೆ 8 ರಿಂದ 10 ಎಲೆ. ಶ್ರಾದ್ಧಕ್ಕಾಗಲಿ ಮಧ್ವನವಮಿ, ರಾಯರ ಆರಾಧನೆಗಳ ಸಂತರ್ಪಣೆಗಾಗಲಿ ಹೊರಗೆ ಚಪ್ಪರ ಹಾಕಬೇಕಾಗಿಲ್ಲ. ಇದರ ನಡುವೆ ಮೇಜು, ಸೋಫಾಗಳನ್ನು ಬೇರೂರಿಸದಿರುವುದು ಮುಖ್ಯ. ತೆರೆದ ತೊಟ್ಟಿಗೆ ಇಲ್ಲಿ ಜಾಗವಿಲ್ಲ. ನಡುಮನೆಯ ಮೇಲೆ 4 ಅಡಿ ಚೌಕದಷ್ಟು ತಾರಸಿಯನ್ನು ಎರಡು ಅಡಿ ಎತ್ತರಿಸಿ, ಮೇಲೆ ಗಾಜು ಹೊದಿಸಿ, ಪಕ್ಕಗಳಲ್ಲಿ ಗವಾಕ್ಷಿಗಳನ್ನು ಬಿಟ್ಟರೆ ಬೆಳಕು ಬರುತ್ತದೆ, ಕಾವು ಹೋಗುತ್ತದೆ.

ಕೊನೆಯದಾಗಿ, ರಸ್ತೆಯ ಕಡೆಗೆ 10 ಅಡಿ ಆಳ. ನೈಋತ್ಯಕ್ಕೆ 12 ಅಡಿಯ ಹಿರಿಯರ ಕೋಣೆ, ಅದಕ್ಕೆ ಹೊಂದಿ 4 ಅಡಿಯ ಶೌಚಗೃಹ, ವಾಯವ್ಯಕ್ಕೆ 8 ಅಡಿಯ ಜಗುಲಿ ಮತ್ತು ಮುಂಬಾಗಿಲು. ರಾತ್ರಿ ಎದ್ದ ವೃದ್ಧರು ನಾಲ್ಕು ಹೆಜ್ಜೆಗಿಂತ ಹೆಚ್ಚು ನಡೆಯಬೇಕಾಗಿಲ್ಲ. ಗೋಡೆಗೆ ಒಂದು ಹಿಡಿಕಂಬಿ ಹಾಕಿಸುವುದನ್ನು ಮರೆಯಬಾರದು. ಜಗುಲಿಯಿಂದಲೇ ಮಹಡಿಗೆ ಮೆಟ್ಟಿಲು ಹೋಗಲಿ. ಮಕ್ಕಳು ಸೊಸೆಯರ ಕೋಣೆಗಳು ಅಲ್ಲಿ.

ಪಶ್ಚಿಮದ ಬಾಗಿಲು

ಪಶ್ಚಿಮಕ್ಕೆ ರಸ್ತೆಯಿರುವ ನಿವೇಶನವನ್ನು ನಾವು ಬೇಕೆಂದೇ ಆರಿಸಿಕೊಂಡೆವು. ಇಂಥ ನಿವೇಶನಗಳನ್ನು ಜನರು ಹಿಂದುಮುಂದು ನೋಡಿ ಕೊಳ್ಳುವುದಿಲ್ಲ. ಪೂರ್ವದ ಬಾಗಿಲೇ ಬೇಕೆಂದು ಹೆಚ್ಚು ಹಣ ತೆರುತ್ತಾರೆ. ಆದರೆ ಮೂಡಣ ಸಾಲನ್ನು ಮೊದಲು ಇಟ್ಟು ನೋಡಿದರೆ ಪೂರ್ವದ ರಸ್ತೆಯ ಮನೆಯಲ್ಲಿ ದೇವರು, ಒಲೆ, ಸ್ನಾನ ಮೂರೂ ಬೀದಿಯ ಧೂಳಿಗೆ ಬರುತ್ತವೆ. ಪಶ್ಚಿಮದ ರಸ್ತೆಯ ಮನೆಯಲ್ಲಾದರೋ ಅವು ಹಿಂದೆ, ಹಿತ್ತಲಿಗೆ, ಹಳೆಯ ಮನೆಯಲ್ಲಿದ್ದ ಜಾಗಕ್ಕೇ ಬರುತ್ತವೆ. ಉಡುಪಿಯಲ್ಲಿ ಶ್ರೀಮದಾಚಾರ್ಯರಿಂದ ಪ್ರತಿಷ್ಠಿತನಾದ ಶ್ರೀಕೃಷ್ಣನೇ ಪಶ್ಚಿಮಾಭಿಮುಖನಾಗಿ ನಿಂತಿದ್ದಾನೆ. ದೇವಾಲಯದ ನಿಯಮ ಬೇರೆ, ಮನೆಯ ನಿಯಮ ಬೇರೆಯೆಂಬುದನ್ನು ನಾವು ಬಲ್ಲೆವು. ಆದರೂ ಪಶ್ಚಿಮವೆಂಬ ಹೆಸರಿಗೇ ಅಂಜುವುದು ಮಾಧ್ವರಿಗೆ ಶೋಭಿಸದು.

ಬೇರೆ ದಿಕ್ಕಿನ ನಿವೇಶನಗಳಿದ್ದವರೂ ಚಿಂತಿಸಬೇಕಾಗಿಲ್ಲ. ಉತ್ತರ ಅಥವಾ ದಕ್ಷಿಣಕ್ಕೆ ರಸ್ತೆಯಿದ್ದರೆ ಮನೆಯ ಪೂರ್ವದ ಗೋಡೆಯ ಉದ್ದಕ್ಕೆ ಇದೇ ಸಾಲನ್ನು ಇಟ್ಟು, ಬಾಗಿಲನ್ನು ಪಶ್ಚಿಮದ ಅರ್ಧಕ್ಕೆ ಸರಿಸಬಹುದು. ಪೂರ್ವದ ರಸ್ತೆಯೇ ಇದ್ದರೆ ಮುಂದೆ ಸ್ವಲ್ಪ ಹೆಚ್ಚು ಅಂಗಳ ಬಿಟ್ಟು, ಅಲ್ಲಿ ತುಳಸಿ, ಹೂಗಿಡಗಳನ್ನು ಬೆಳೆಸಿ ಮರೆಮಾಡಿ, ಮನೆಯೊಳಕ್ಕೆ ಉತ್ತರದ ಪಕ್ಕದಿಂದ ದಾರಿ ಮಾಡಬಹುದು. ಗೋಡೆ ಒಂದು, ಸಾಲು ಒಂದು. ಬದಲಾಗುವುದು ಬಾಗಿಲು ಮಾತ್ರ.

ಆಯದ ಲೆಕ್ಕ

ಆಯ ನೋಡದೆ ಮನೆ ಕಟ್ಟಬಹುದೇ ಎಂದು ಕೆಲವರು ಕೇಳಬಹುದು. ನೋಡಬೇಕು, ಆದರೆ ಕ್ರಮ ಗೊತ್ತಾದ ಮೇಲೆ. ಉದ್ದ ಅಗಲಗಳನ್ನು ಗುಣಿಸಿ 8ರಿಂದ ಭಾಗಿಸಿದಾಗ ಉಳಿಯುವ ಶೇಷವು ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ ಎಂಬ ಎಂಟು ಆಯಗಳನ್ನು ಸೂಚಿಸುತ್ತದೆ. 1, 3, 5, 7 ಉಳಿದರೆ ಶುಭ. ಮೇಲೆ ಹೇಳಿದ 24 ಮತ್ತು 30ನ್ನು ಗುಣಿಸಿದರೆ 720, ಶೇಷವಿಲ್ಲ, ಕಾಕಾಯ. ಹೆದರಬೇಕಾದುದಿಲ್ಲ. ಎರಡು ಕಡೆಗಳಲ್ಲಿಯೂ ಒಂದೊಂದು ಅಡಿ ಕಡಿಮೆ ಮಾಡಿ 23 ಮತ್ತು 29 ಎಂದರೆ 667, ಶೇಷ 3, ಸಿಂಹಾಯ. ಅಡಿಯಲ್ಲಿ ಅಳೆಯಬೇಕೋ ಹಸ್ತದಲ್ಲಿ ಅಳೆಯಬೇಕೋ ಎಂಬುದನ್ನು ಮನೆತನದ ಪುರೋಹಿತರು ಹೇಳಿದಂತೆ ಮಾಡುವುದು. ಇಲ್ಲಿ ಗಮನಿಸಬೇಕಾದುದು ಇಷ್ಟೆ: ಆಯ ಸರಿಪಡಿಸಲು ಒಂದಡಿ ಸಾಕು, ಕೆಲವು ಅಂಗುಲಗಳೂ ಸಾಕಾಗಬಹುದು, ಕೆಟ್ಟ ಕ್ರಮವನ್ನು ಸರಿಪಡಿಸಲು ಗೋಡೆಗಳನ್ನೇ ಕೆಡವಬೇಕು. ಆದುದರಿಂದ ಮೊದಲು ಯಾವುದು, ಅನಂತರ ಯಾವುದು ಎಂಬುದು ಸ್ಪಷ್ಟ.

ನೆಲ ಮತ್ತು ನೀರು

ನಕ್ಷೆ ಒಂದೇ ಆದರೂ ನೆಲ ಊರಿಂದೂರಿಗೆ ಬೇರೆ. ಶ್ರೀರಂಗಪಟ್ಟಣವು ಕಾವೇರಿಯ ನಡುವಣ ದ್ವೀಪ. 2018 ಮತ್ತು 2019ರ ಮಳೆಗಾಲಗಳಲ್ಲಿ ಕನ್ನಂಬಾಡಿ ಕಟ್ಟೆಯಿಂದ ಹೆಚ್ಚಿನ ನೀರನ್ನು ಬಿಟ್ಟಾಗ ನದಿತೀರದ ತಗ್ಗುಗಳಿಗೆ ನೀರು ನುಗ್ಗಿದುದನ್ನು ಎಲ್ಲರೂ ಬಲ್ಲರು. ಮಾಧ್ವ ಗೃಹಸ್ಥರಾಗಿದ್ದ ದಿವಾನ್ ಪೂರ್ಣಯ್ಯನವರು 1804ರಲ್ಲಿ ಇಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆ ನೆರೆಯ ನೀರಿಗೆ ಅಡ್ಡ ನಿಲ್ಲದೆ ಕಂಬಗಳ ನಡುವೆ ದಾರಿ ಬಿಟ್ಟಿತು; ನದಿಯ ಊರಿನಲ್ಲಿ ಕಟ್ಟುವವರಿಗೆ ಅದೊಂದು ಪಾಠ. ಹಳಬರನ್ನು ಕೇಳಿ ನೆರೆಯ ಗುರುತನ್ನು ತಿಳಿದು, ತಳಪಾಯವನ್ನು ಅದಕ್ಕಿಂತ ಮೇಲಕ್ಕೆ ತರತಕ್ಕದ್ದು. ಇನ್ನೊಂದು ಎಚ್ಚರಿಕೆಯೂ ಉಂಟು. ಸಂರಕ್ಷಿತ ಸ್ಮಾರಕಗಳಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು ಎಂಬುದು 1958ರ ಕೇಂದ್ರ ಶಾಸನಕ್ಕೆ 2010ರಲ್ಲಿ ಬಂದ ತಿದ್ದುಪಡಿ. ಕೋಟೆಯೊಳಗೆ ಎತ್ತ ನೋಡಿದರೂ ಸ್ಮಾರಕಗಳು. ಪಿತ್ರಾರ್ಜಿತ ಮನೆಯನ್ನು ಕೆಡವುವ ಮುನ್ನ ಮತ್ತೆ ಕಟ್ಟಲು ಅನುಮತಿ ದೊರೆಯುವುದೇ ಎಂದು ವಿಚಾರಿಸದಿದ್ದರೆ ಇದ್ದುದೂ ಹೋದೀತು. ಉಳಿದ ಮೂರು ತಾಲ್ಲೂಕುಗಳ ಪ್ರಾಚೀನ ದೇವಾಲಯಗಳ ಸಮೀಪದಲ್ಲಿ ಕಟ್ಟುವವರೂ ಇದನ್ನು ಮೊದಲು ಕೇಳಿ ತಿಳಿಯಬೇಕು.

ಪಾಂಡವಪುರದ ಕಡೆ ನಾಲೆಯ ನೀರುಣ್ಣುವ ಗದ್ದೆ ಬಯಲುಗಳಿಗೆ ತಾಗಿದ ನಿವೇಶನಗಳಲ್ಲಿಯೂ, ಕೃಷ್ಣರಾಜಪೇಟೆಯ ಕಡೆ ಹೇಮಾವತಿಯ ನೀರು ಹರಿಯುವ ತಗ್ಗುಗಳಲ್ಲಿಯೂ ಗೋಡೆಗೆ ತೇವ ಏರುವ ಭಯವಿದೆ. ಹಿಂದೆ ಸೈಜುಗಲ್ಲಿನ ಎತ್ತರದ ತಳಪಾಯ ಇದನ್ನು ತಡೆಯುತ್ತಿತ್ತು. ಈಗ ತಳಪಾಯದ ಮೇಲೆ, ಗೋಡೆ ಏಳುವುದಕ್ಕೆ ಮೊದಲು, ತೇವ ತಡೆಯುವ ಕಾಂಕ್ರೀಟಿನ ಪದರವನ್ನು ತಪ್ಪದೆ ಹಾಕಿಸಬೇಕು. ತಳಪಾಯ ಒಂದೂವರೆ ಅಡಿ ಎತ್ತರವಾದರೆ ಮೆಟ್ಟಿಲುಗಳ ಜೊತೆಗೆ ಇಳಿಜಾರಿನ ದಾರಿಯೂ ಬೇಕು. ಒಂದಡಿ ಎತ್ತರಕ್ಕೆ 12 ಅಡಿ ಉದ್ದವೆಂಬ ಲೆಕ್ಕದಂತೆ ಅದಕ್ಕೆ 18 ಅಡಿ ಸಾಕು. ಉತ್ತರದ ಪಕ್ಕದಲ್ಲಿ ಬಿಟ್ಟ 3 ಅಡಿಯ ಓಣಿಯಲ್ಲಿಯೇ ಅದು ಹಿಡಿಸುತ್ತದೆ.

ನಾಗಮಂಗಲದ ಕಡೆ ಕೆಂಪು ಮಣ್ಣು, ಬಂಡೆಯ ನೆಲ. ತಳಪಾಯಕ್ಕೆ ಗಟ್ಟಿ, ನೀರಿಗೆ ಕಷ್ಟ. ಮಂಡ್ಯ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾಗುತ್ತದೆ. 100 ಚದರ ಮೀಟರ್ ತಾರಸಿಯ ಮೇಲೆ ಬೀಳುವ ನೀರು 70,000 ಲೀಟರ್; ಐದರಲ್ಲೊಂದು ಪಾಲು ನಷ್ಟವಾದರೂ 56,000 ಲೀಟರ್ ಉಳಿಯುತ್ತದೆ. ಈ ಮಳೆಯ ದೊಡ್ಡದೊಂದು ಪಾಲು ಸೆಪ್ಟೆಂಬರ್ ಅಕ್ಟೋಬರ್‌ಗಳಲ್ಲಿ ಬರುವುದರಿಂದ ಅದನ್ನು ಹಿಡಿದಿಡಲು ಈಶಾನ್ಯದ ನೆಲತೊಟ್ಟಿಯನ್ನು ಮನೆ ಕಟ್ಟುವಾಗಲೇ ಅಗೆಸಬೇಕು. ಹಳೆಯ ತೊಟ್ಟಿ ಮನೆಯು ಮಾಡಿನ ನೀರನ್ನು ಕೂಡಿಸುತ್ತಿದ್ದ ಧರ್ಮವನ್ನು ಇದು ಮುಂದುವರಿಸುತ್ತದೆ. ಮೊದಲ ಮಳೆಯ ಕೊಳೆನೀರನ್ನು ಹೊರಕ್ಕೆ ಬಿಟ್ಟು, ಶೋಧಿಸಿ ತುಂಬಿಸಿದ ನೀರು ಮನೆಬಳಕೆಗೆ ಉತ್ತಮ.

ಒಂದು ವಿಜ್ಞಾಪನೆ

ನಕ್ಷೆಯನ್ನು ಇಂಜಿನಿಯರಿಗೆ ಒಪ್ಪಿಸುವ ಮುನ್ನ ವಾಚಕ ಮಹಾಶಯರು ಒಂದು ಕೆಲಸ ಮಾಡಬೇಕೆಂದು ಕೇಳಿಕೊಳ್ಳುತ್ತೇವೆ. ಗುದ್ದಲಿಪೂಜೆಗೆ ಮೊದಲು ಒಂದು ಬೆಳಗ್ಗೆ ಮನೆಮಂದಿಯೆಲ್ಲ ನಿವೇಶನಕ್ಕೆ ಹೋಗಿ, ಸುಣ್ಣದ ಪುಡಿಯಿಂದ ಕೋಣೆಗಳ ಗೆರೆಗಳನ್ನು ನೆಲದ ಮೇಲೆ ಹಾಕಿರಿ. ಮನೆಯ ಹಿರಿಯ ಹೆಂಗಸರನ್ನೂ ಸೊಸೆಯರನ್ನೂ ಮುಂದೆ ಬಿಟ್ಟು, ದ್ವಾದಶಿಯ ಬೆಳಗಿನ ಕೆಲಸಗಳನ್ನು ಆ ಗೆರೆಗಳೊಳಗೆ ಒಮ್ಮೆ ನಡೆದು ನೋಡಲು ಹೇಳಿರಿ: ಎದ್ದದ್ದು, ಮಿಂದದ್ದು, ನೀರು ತಂದದ್ದು, ಒಲೆ ಹಚ್ಚಿದ್ದು, ನೈವೇದ್ಯ ಒಯ್ದದ್ದು, ಎಲೆ ಹಾಕಿದ್ದು. ಆಮೇಲೆ ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮಲಗುವ ಸ್ಥಳದಿಂದ ದೇವರ ಮನೆಯವರೆಗೆ ನಡೆಯಲಿ. ಎಲ್ಲಿ ಅವರ ಕಾಲು ತಡೆಯುತ್ತದೆಯೋ ಅಲ್ಲಿಯ ಗೆರೆಯನ್ನು ಅಳಿಸಿ ಬೇರೆ ಎಳೆಯಿರಿ. ಸುಣ್ಣದ ಗೆರೆ ಅಳಿಸಲು ಖರ್ಚಿಲ್ಲ.

ಹೀಗೆ ನಡೆದು ನೋಡಿ ಕಟ್ಟಿದ ಮನೆಯು ಚಿಕ್ಕದಾದರೂ, ಅದರಲ್ಲಿ ಹಳೆಯ ಮನೆಯ ಒಂದು ಕಂಬವೂ ಇಲ್ಲದಿದ್ದರೂ, ನಮ್ಮ ಹಿರಿಯರ ಮನೆಯೇ ಸರಿ. ವಾಸ್ತುಹೋಮ, ಗೃಹಪ್ರವೇಶಗಳ ದಿನ ಎಷ್ಟು ಜನ ಬಂದರೆಂಬುದಕ್ಕಿಂತ, ಮರುದಿನ ಬೆಳಗ್ಗೆ ಆ ಮನೆಯಲ್ಲಿ ಸ್ನಾನ, ಪೂಜೆ, ಅಡಿಗೆಗಳು ಆಯಾಸವಿಲ್ಲದೆ ನಡೆದುವೇ ಎಂಬುದೇ ಅದರ ಸಾರ್ಥಕತೆ. ಹೊಸ ಮನೆ ಕಟ್ಟುವ ಎಲ್ಲ ಸದ್ಗೃಹಸ್ಥರಿಗೂ ಶ್ರೀಹರಿವಾಯುಗುರುಗಳ ಅನುಗ್ರಹವಾಗಲೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.